ಹೋಟೆಲಲ್ಲ, ಮನೆ ಬೇಕು

"ನಾನು ಹೋಗಬಾರದು ಅಂತ ನೀವೇ ಹೀಗೆ ಮಾಡಿದ್ದಲ್ವಾ?"

ಕಮಲಾಕರ ತಂತಿಯ ಕಾಗದವನ್ನು ಅವಳ ಟೈಪ್‌ರೈಟರಿನ ಮೇಲೆ ಕುಕ್ಕಿದ. ವಿಶ್ವವಿದ್ಯಾಲಯದ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಅಂಬುಜಾ ಅದನ್ನು ಬೆಳಿಗ್ಗೆಯೇ ಓದಿದ್ದಳು. ನಮ್ಮ ವಿದ್ಯಾರ್ಥಿನಿಗೆ ಒಂದು ಮನೆ ಕೇಳಿದ್ದೆವು, ನೀವು ಹೋಟೆಲ್ ಕೊಟ್ಟಿದ್ದೀರಿ. ಇಂದು ಸಂಜೆಯೊಳಗೆ ಒಂದು ಕುಟುಂಬದ ವಿಳಾಸ ಬಾರದಿದ್ದರೆ ಈ ವಿದ್ಯಾರ್ಥಿ ವಿನಿಮಯ ರದ್ದು ಎಂದು ಜರ್ಮನಿಯವರು ಬರೆದಿದ್ದರು.

ಅದು ಎಪ್ಪತ್ತೆಂಟನೆಯ ಇಸವಿ. ಆ ವಿಶ್ವವಿದ್ಯಾಲಯ ಪರದೇಶಕ್ಕೆ ಕಳಿಸಲಿದ್ದ ಮೊದಲ ವಿದ್ಯಾರ್ಥಿ ಕಮಲಾಕರ. ಇಲ್ಲಿಂದ ಒಬ್ಬರು ಹೋಗಬೇಕು, ಅಲ್ಲಿಂದ ಒಬ್ಬರು ಬಂದು ಮದ್ರಾಸಿನ ಒಂದು ಮನೆಯಲ್ಲಿರಬೇಕು. ಈ ಸಲ ಸರಿಹೋದರೆ ಮುಂದೆ ವರ್ಷಕ್ಕೆ ಹತ್ತು ಮಂದಿ. ಕೆಟ್ಟರೆ ಅಲ್ಲಿಗೆ ಮಂಗಳ ಹಾಡಿದಂತೆಯೇ.

ತಪ್ಪು ಇಬ್ಬರದೂ. ಸೋದರಮಾವ ಸುಬ್ರಾಯರ ಉಡುಪಿ ಹೋಟೆಲಿನ ಮಹಡಿಯಲ್ಲಿ ಬೆಳೆದ ಕಮಲಾಕರನಿಗೆ ಹೋಟೆಲ್ ಬೇರೆ, ಮನೆ ಬೇರೆ ಎಂದು ಯಾರು ಹೇಳಿಕೊಟ್ಟಿದ್ದರು? ಫಾರ್ಮಿನಲ್ಲಿ ಆ ಹುಡುಗಿ ಇರಬೇಕಾದ ಮನೆಯ ವಿಳಾಸದ ಜಾಗದಲ್ಲಿ ಹೋಟೆಲಿನ ಹೆಸರನ್ನೇ ಬರೆದ. ವಾರಕ್ಕೆರಡು ಸಲ ಅಲ್ಲಿ ದೋಸೆ ತಿನ್ನುತ್ತಿದ್ದ ಅಂಬುಜಾ ಅದನ್ನು ಹಾಗೇ ಟೈಪ್ ಮಾಡಿದಳು.

"ಬೇಕಂತ ಮಾಡ್ಲಿಲ್ಲ" ಎಂದಳು. "ಆದ್ರೆ ತಂತಿ ಓದಿದಾಗ ನಂಗೆ ಬೇಜಾರೂ ಆಗ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ?"

"ಎಂತಕ್ಕೆ?"

ಅವಳು ಫೈಲು ಎತ್ತಿಕೊಂಡು ಎದ್ದಳು. "ಮನೆ ತಾನೆ ಬೇಕಾದ್ದು? ಮಾಂಬಲದಲ್ಲಿ ನಮ್ಮನೆ ಇದೆ. ನಡೀರಿ."

ಗಿಂಡಿ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ರೈಲು ಕಿಕ್ಕಿರಿದು ಬಂತು. ಜನರ ನೂಕಾಟಕ್ಕೆ ಅವನ ತೋಳು ಅವಳ ಭುಜಕ್ಕೆ ತಗುಲಿತು. ಇಬ್ಬರೂ ಬೆಚ್ಚಿ ದೂರ ಸರಿದರು. ಸ್ವಲ್ಪ ಹೊತ್ತಿಗೆ ಅವನ ನೋಟ ತನ್ನ ಮೇಲೆಯೇ ಇದೆಯೆಂದು ಅವಳಿಗೆ ತಿಳಿಯಿತು.

"ಏನು ನೋಡ್ತಿದ್ದೀರಿ?"

"ಕೋಪ ಇಳಿಯಿತಾ ಅಂತ."

"ಕೋಪ ಬಂದಿದ್ದು ನಿಮಗೆ. ನನ್ನ ಮುಖದಲ್ಲಿ ಯಾಕೆ ಹುಡುಕ್ತೀರಿ?"

ಅವನು ನಗಲು ಹೋಗಿ ಗಡಿಯಾರ ನೋಡಿಕೊಂಡ. ಎರಡೂವರೆ.

ಅಂಬುಜಾಳ ಅಪ್ಪ ರೈಲ್ವೆಯವರು, ಡ್ಯೂಟಿಗೆಂದು ಅರಕ್ಕೋಣಕ್ಕೆ ಹೋಗಿದ್ದರು. ಅವರಿದ್ದರೂ ಮನೆಯಲ್ಲಿ ನಡೆಯುವುದು ಅಮ್ಮ ಶಾರದಮ್ಮನ ಮಾತೇ. ಅವರು ಅಕ್ಕಿ ಆರಿಸುತ್ತಲೇ ಎಲ್ಲ ಕೇಳಿಸಿಕೊಂಡರು.

"ಪರದೇಶದ ಹುಡುಗಿ ಹತ್ತು ತಿಂಗಳು ನನ್ನ ಅಡುಗೆಮನೇಲಿ ಓಡಾಡ್ಕೊಂಡಿರೋದಾ? ಮುಡಿಯಾದು ಅಂದ್ರೆ ಮುಡಿಯಾದು, ಆಗೋದೇ ಇಲ್ಲ."

"ಅಮ್ಮಾ, ಇವರ ಸೀಟು ಹೋಗುತ್ತೆ."

ಶಾರದಮ್ಮ ಮೊರ ಕೆಳಗಿಟ್ಟರು. "ಹೋಗ್ಲಿ. ಅಷ್ಟಕ್ಕೂ ಈ ಹುಡುಗ ನಮಗೇನಾಗಬೇಕು?"

ಅಂಬುಜಾ ಮೊರದ ಅಕ್ಕಿಯನ್ನೇ ನೋಡಿದಳು. ಏನೂ ಆಗಬೇಕಿಲ್ಲ ಎಂದರೆ ಸಾಕು, ಅವನು ಮದ್ರಾಸಿನಲ್ಲೇ ಉಳಿಯುತ್ತಾನೆ. ದಿನದಂತೆ ನಾಳೆಯೂ ಆಫೀಸಿನ ಬಾಗಿಲಲ್ಲಿ ನಿಂತು "ಒಂದು ಡೌಟು" ಎನ್ನುತ್ತಾನೆ. ನಿಜ ಹೇಳಿದರೆ ಹೊರಟುಹೋಗುತ್ತಾನೆ. ಇಂಥ ಅಡಕತ್ತರಿಯಲ್ಲಿ ಯಾವ ಹುಡುಗಿಯೂ ಸಿಕ್ಕಿಕೊಳ್ಳಬಾರದು.

"ಮದುವೆ ಅಂತ ಆದ್ರೆ ನಾನು ಇವರನ್ನೇ ಆಗೋದು, ಅಮ್ಮಾ" ಎಂದಳು. "ಇವರಿಗೆ ಇನ್ನೂ ಹೇಳಿಲ್ಲ."

ಬಂದೊಡನೆ ಕೊಟ್ಟಿದ್ದ ಕಾಫಿಯನ್ನು ಕಮಲಾಕರ ಪ್ಯಾಂಟಿನ ಮೇಲೆ ಚೆಲ್ಲಿಕೊಂಡ. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಅಂಬುಜಾ ನೆಲ ನೋಡುತ್ತ ನಿಂತಳು.

"ನೀನೇನಪ್ಪಾ ಹೇಳ್ತೀ?"

"ನಂಗೂ ಹಾಗೇ ಉಂಟಮ್ಮ. ಒಂದು ವರ್ಷದಿಂದ ಉಂಟು. ಇಲ್ಲದಿದ್ರೆ ಒಂದೇ ಫಾರ್ಮಿನ ಬಗ್ಗೆ ದಿನಾ ಹೋಗಿ ಕೇಳ್ಲಿಕ್ಕೆ ನಂಗೆ ಮಂಡೆ ಸಮ ಇಲ್ವಾ?"

ಶಾರದಮ್ಮ ನಗಲಿಲ್ಲ. ಮಗಳ ಮುಖವನ್ನೊಮ್ಮೆ, ಅವನ ಮುಖವನ್ನೊಮ್ಮೆ ದಿಟ್ಟಿಸಿದರು. ಸೆರಗಿಗೆ ಕೈ ಒರೆಸಿಕೊಂಡು ಫಾರ್ಮು ಎಳೆದುಕೊಂಡರು. ನಿಧಾನವಾಗಿ, ಕನ್ನಡದಲ್ಲೇ ಸಹಿ ಹಾಕಿದರು.

"ಹೋಗಿ ತಂತಿ ಕೊಡ್ರಿ. ಇನ್ನೊಂದು ಮಾತೂ ಅದರಲ್ಲೇ ಸೇರಿಸ್ರಿ. ಹತ್ತು ತಿಂಗಳಾದ ಮೇಲೆ ಅವರ ಹುಡುಗೀನ ಜೋಪಾನವಾಗಿ ಕಳಿಸ್ಕೊಡ್ತೀನಿ. ನಮ್ಮ ಹುಡುಗನ್ನ ಅವರೂ ಹಾಗೇ ಕಳಿಸ್ಕೊಡಬೇಕು."

ಕಮಲಾಕರ ಬಗ್ಗಿ ನಮಸ್ಕಾರ ಮಾಡಿದ. ಎದ್ದವನು ಅಂಬುಜಾಳ ಕಡೆ ತಿರುಗಿ, "ಹೋಗಿ ಬರ್ತೇನೆ" ಎಂದ.

ವಿಮಾನ ಹೊರಡಲು ಇನ್ನೂ ಎರಡು ತಿಂಗಳಿತ್ತು. ಆದರೂ ಅವಳಿಗೆ ಅಳು ತಡೆಯಲಾಗಲಿಲ್ಲ.