ನೀಲಿ ಪ್ಲೇಟಿನಲ್ಲಿ ಇಲ್ಲದ ಅಕ್ಷರಗಳು

ಸೋಮವಾರ ಮುದ್ರಣಾಲಯದಲ್ಲಿ ಅಚ್ಚಿನ ಪ್ಲೇಟುಗಳು ಸಿದ್ಧವಾದವು. ಮಂಗಳವಾರ ಪುಸ್ತಕದ ಮುಖಪುಟ ಅಚ್ಚಾಯಿತು. ಬುಧವಾರ ಮಷಿನ್‌ಮನ್‌ನನ್ನು ಕೆಲಸದಿಂದ ತೆಗೆದರು. ಗುರುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳಿಗೆ ನಿಜ ತಿಳಿಯಿತು.

ಐದು ಸಾವಿರ ಮುಖಪುಟಗಳು ಶೀರ್ಷಿಕೆಯೇ ಇಲ್ಲದೆ ಬರೀ ಕಡುನೀಲಿಯಾಗಿ ಹೊರಬಂದಿದ್ದವು. ಮರೆತು, ಶೀರ್ಷಿಕೆ ಸೇರುವ ಮೊದಲೇ ಮಾಡಿ ರದ್ದಾದ ಹಳೆಯ ಪ್ಲೇಟುಗಳನ್ನು ಹಾಕಿಬಿಟ್ಟೆ ಎಂದು ಮಷಿನ್‌ಮನ್ ಮಾಲೀಕರೆದುರು ತಾನೇ ಒಪ್ಪಿಕೊಂಡಿದ್ದ. ಪುಟ ಜೋಡಿಸಿ, ಬಣ್ಣಗಳನ್ನು ಬೇರ್ಪಡಿಸಿ ಪ್ಲೇಟಿಗೆ ಕಳುಹಿಸುವವಳು ಅವಳು. ಎಲ್ಲರ ಮುಂದೆಯೇ ಅವನನ್ನು ಕೇಳಿದ್ದಳು:

"ಕಣ್ಣು ಎಲ್ಲಿಟ್ಟಿದ್ರಿ?"

ಅವನು ತಲೆ ತಗ್ಗಿಸಿ ಸುಮ್ಮನೆ ನಕ್ಕಿದ್ದ.

ಈಗ ಮರುಮುದ್ರಣಕ್ಕೆ ಅದೇ ಫೈಲು ತೆರೆದು, ಒಂದೊಂದು ಬಣ್ಣವನ್ನೂ ಪರದೆಯ ಮೇಲೆ ಪ್ರತ್ಯೇಕವಾಗಿ ನೋಡಿದಳು. ಬಿಳಿ ಅಕ್ಷರವೆಂದರೆ ಶಾಯಿ ಬೀಳದ ಕಾಗದ. ನೀಲಿಯಲ್ಲಿ ಅದರ ಆಕಾರಕ್ಕೆ ಜಾಗ ಖಾಲಿ ಇರಬೇಕು. ಇರಲಿಲ್ಲ. ಕೆಂಪಿನಲ್ಲೂ ಇಲ್ಲ... ಕಪ್ಪಿನಲ್ಲೂ ಇಲ್ಲ.

ಮೊದಲು ಕಪ್ಪಾಗಿದ್ದ ಶೀರ್ಷಿಕೆಯನ್ನು ಬಿಳಿಯಾಗಿಸಿದವಳು ಅವಳೇ. ಕಪ್ಪಿಗೆ ಕೊಟ್ಟಿದ್ದ 'ಓವರ್‌ಪ್ರಿಂಟ್', ಅಂದರೆ ಕೆಳಗಿನ ಬಣ್ಣವನ್ನು ಬಿಡಿಸದೆ ಅದರ ಮೇಲೆಯೇ ಅಚ್ಚಾಗಲಿ ಎಂಬ ಸೂಚನೆಯನ್ನು ತೆಗೆಯಲು ಮರೆತಿದ್ದಳು. ಆ ಸೂಚನೆಯನ್ನು ಲೆಕ್ಕಿಸದ ಮೇಜಿನ ಪ್ರಿಂಟರಿನ ಪ್ರೂಫಿನಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತ್ತು.

ಹಾಗಾದರೆ ಅವನು ಹೇಳಿದ್ದು...

ಮೆಟ್ಟಿಲಿಳಿದು ಬಂದಾಗ, ಹೊಸಬನಿಗೆ ಮಷಿನ್ ಒಪ್ಪಿಸಲು ಬಂದಿದ್ದ ಅವನು ಸೀಮೆಎಣ್ಣೆಯ ಬಟ್ಟೆಯಲ್ಲಿ ಕೊನೆಯ ಬಾರಿ ಕೈ ಒರೆಸಿಕೊಳ್ಳುತ್ತಿದ್ದ.

"ಬಂದ್ರಾ? ಬೈಯೋದು ಇನ್ನೂ ಬಾಕಿ ಇತ್ತಾ?" ಎಂದು ಬೈಂಡಿಂಗ್ ಕೆಲಸದ ಅಕ್ಕ ಅವಳನ್ನು ಚುಚ್ಚಿ, ಹೊರಗೆ ಹೋದಳು.

"ನೀವು ಹಳೇ ಪ್ಲೇಟ್ ಹಾಕಿರಲಿಲ್ಲ."

"ಹಾಕಿದ್ದೆ ಮೇಡಂ."

"ಸುಳ್ಳು. ಹೊಸ ಪ್ಲೇಟಲ್ಲೇ ಅಕ್ಷರ ಇರಲಿಲ್ಲ. ಅದು ನಿಮಗೆ ಗೊತ್ತಿತ್ತು."

ಅವನ ಕೈ ನಿಂತಿತು.

"ಅಚ್ಚಾದ ಮೇಲೆ ಗೊತ್ತಾಗಿದ್ದು. ಮೊದಲ ಹಾಳೆನೇ ಸರಿಯಾಗಿ ನೋಡಿದ್ರೆ ಇಷ್ಟು ಆಗ್ತಿರಲಿಲ್ಲ. ನಂದೂ ತಪ್ಪಿದೆ."

"ಹೇಳಬಹುದಿತ್ತಲ್ಲ..."

"ಹೇಳಿದ್ರೆ ನಿಮ್ಮನ್ನೂ ತೆಗೀತಿದ್ರು. ನಿಮ್ಮ ಮನೇಲಿ ದುಡಿಯೋರು ನೀವೊಬ್ಬರೇ. ನಂದೇನು, ಒಂಟಿ ಜೀವ."

"ಅಷ್ಟಕ್ಕೇನಾ?"

ಅವನು ಬಟ್ಟೆಯನ್ನು ಮಡಿಸಿ ಮಷಿನ್ ಮೇಲಿಟ್ಟ.

"ನೀವು ಕೆಳಗೆ ಬಂದ್ರೆ ನನಗೆ ಮಷಿನ್ ಸದ್ದೂ ಕೇಳ್ಸಲ್ಲ. ಎರಡು ವರ್ಷ ಆಯ್ತು... ಮಂಗಳವಾರಾನೂ ಬಂದಿದ್ರಿ."

ಈ ಮನುಷ್ಯನನ್ನೇ ನಾನು ಎಲ್ಲರೆದುರು...

"ಮಾಲೀಕರಿಗೆ ಬರೆದು ಕೊಡ್ತೀನಿ."

"ಬೇಡ. ನನ್ನ ಜಾಗಕ್ಕೆ ಆಗ್ಲೇ ಬೇರೆಯವರು ಬಂದಾಯ್ತು. ಬರೆದ್ರೆ ನಾನು ಉಳಿಯಲ್ಲ, ನೀವೂ ಹೋಗ್ತೀರಿ. ಏನು ಸಿಗುತ್ತೆ?"

ಅವನ ಲೆಕ್ಕ ಸರಿಯಾಗಿತ್ತು. ಆ ಊರಿನಲ್ಲಿ ಬೇರೆ ಮುದ್ರಣಾಲಯವಿರಲಿಲ್ಲ. ಅವಳ ಮನೆಯಲ್ಲಿ ಬೇರೆ ಸಂಬಳವಿರಲಿಲ್ಲ.

ಆದರೂ ಗೋಡೆಗೆ ತೂಗುಹಾಕಿದ್ದ, ಮಾಲೀಕರು ದಿನಾ ನೋಡುವ ದೋಷಗಳ ಪುಸ್ತಕವನ್ನು ಇಳಿಸಿಕೊಂಡಳು.

"ಇವತ್ತಾದ್ರೂ ಮೇಡಂ ಅನ್ನೋದು ಬಿಡಿ."

"ಬಿಟ್ಟು ಏನಂತ ಕರೀಲಿ? ನಾಳೆಯಿಂದ ನಾನು ಎಲ್ಲಿರ್ತೀನೋ ನನಗೇ ಗೊತ್ತಿಲ್ಲ."

"ಎಲ್ಲಿದ್ರೂ ಕರೀರಿ. ಬರ್ತೀನಿ."

"ಬಂದು ಏನು ಮಾಡ್ತೀರಿ?"

"ಗೊತ್ತಿಲ್ಲ," ಎಂದಳು. ಕಣ್ಣೀರಿನಲ್ಲಿ ಗೆರೆಗಳು ಕಲಸಿಹೋಗುತ್ತಿದ್ದವು. ಅವನು ಪುಸ್ತಕವನ್ನು ಅಲುಗದಂತೆ ಹಿಡಿದುಕೊಂಡ. ಅದರಲ್ಲಿ ಬುಧವಾರ ಬರೆದಿದ್ದ ಅವನ ಹೇಳಿಕೆಯ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಅವಳು ಬರೆದಳು:

ಕಾರಣ: ಬಿಳಿ ಅಕ್ಷರಗಳಿಗೆ ಓವರ್‌ಪ್ರಿಂಟ್ ಉಳಿದಿತ್ತು. ಹಾಕಿದ್ದು ಹೊಸ ಪ್ಲೇಟುಗಳನ್ನೇ. ಬಣ್ಣ ಬೇರ್ಪಡಿಸಿದವಳು ನಾನು.