ಒಂದೇ ಸಲ ಒತ್ತಿದ್ದು

ಕೌಂಟರಿನ ಅಕ್ಕನನ್ನು ಎತ್ತಂಗಡಿ ಮಾಡಿ ಮೂರು ದಿನವಾಗಿತ್ತು. ಆದರೂ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕಣ್ಣಾಸ್ಪತ್ರೆಯ ಸರದಿ ಪಟ್ಟಿ ಮತ್ತೆ ನಿಂತುಹೋಯಿತು.

ಪರದೆಯ ಮೇಲೆ ಚಕ್ರ ಸುಮ್ಮನೆ ಗಿರಕಿ ಹೊಡೆಯುತ್ತಿತ್ತು. ಬೆಂಚುಗಳಲ್ಲಿ ಕೂತವರು ಗೊಣಗುತ್ತಿದ್ದರು. ಕಂಪ್ಯೂಟರ್ ವಿಭಾಗದ ಹಿರಿಯರು — ಎಲ್ಲರ ಬಾಯಲ್ಲೂ ‘ಮೇಷ್ಟ್ರು’ — ಮೆಟ್ಟಿಲಿಳಿದು ಬಂದರು. ಚಕ್ರ ನೋಡಿ ಅಲ್ಲೇ ನಿಂತರು. ಕಳ್ಳನನ್ನು ಊರು ಬಿಡಿಸಿದ ಮೇಲೂ ಕಳವಾದರೆ ಏನೆನ್ನಬೇಕು?

ಹೋದ ವಾರ ಕಂಪ್ಯೂಟರಿನ ದಾಖಲೆಯಾದ ಲಾಗ್ ನೋಡಿ ವರದಿ ಬರೆದವರು ಅವರೇ. ಬುಧವಾರ ಪಟ್ಟಿ ನಿಂತಾಗ ಅಕ್ಕನ ಲಾಗಿನ್ ಹೆಸರಿನಲ್ಲಿ, ರೋಗಿಗಳ ವಿವರವಿರುವ ಡೇಟಾಬೇಸಿಗೆ ಒಂದೇ ಪ್ರಶ್ನೆ ನೂರ ನಲವತ್ತೆರಡು ಸಲ ಹೋಗಿತ್ತು: ‘ಇವತ್ತಿನ ರೋಗಿಗಳು ಯಾರು?’ ತಾಳ್ಮೆಗೆಟ್ಟು ಪಟ್ಟಿಯ ಗುಂಡಿ ಒತ್ತುತ್ತಲೇ ಇದ್ದಾರೆ, ಅದಕ್ಕೇ ಪಟ್ಟಿ ನಿಂತಿದೆ ಎಂದು ಬರೆದದ್ದಲ್ಲದೆ, ಎಲ್ಲರೆದುರು ಓದಿಯೂ ಬಿಟ್ಟಿದ್ದರು. “ನಾನು ಒತ್ತಿದ್ದು ಒಂದೇ ಸಲ” ಅಂತ ಅಕ್ಕ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನಾರು ವರ್ಷ ರೋಗಿಗಳನ್ನು ಹೆಸರು ಹಿಡಿದು ಕರೆದವರನ್ನು ನೆಲಮಾಳಿಗೆಯ ಕಡತಗಳ ಕೋಣೆಗೆ ಕಳಿಸಿದರು.

“ಎಷ್ಟು ಸಲ ಒತ್ತಿದ್ರಿ?” ಮೇಷ್ಟ್ರು ಅಕ್ಕನ ಜಾಗಕ್ಕೆ ಬಂದ ಹೊಸ ಗುಮಾಸ್ತನನ್ನು ಕೇಳಿದರು.

“ಒಂದೇ ಸಲ ಸಾರ್. ಅಕ್ಕನ ಗತಿ ನೋಡಿದ ಮೇಲೂ ಎರಡನೇ ಸಲ ಮುಟ್ತೀನಾ?”

“ಪಟ್ಟಿಯಲ್ಲಿ ಎಷ್ಟು ಜನ?”

“ನೂರ ಎಂಬತ್ತಾರು.”

ಲಾಗಿನಲ್ಲಿ ನೂರ ಎಂಬತ್ತೇಳು ಪ್ರಶ್ನೆಗಳಿದ್ದವು.

“ಹೋದ ಬುಧವಾರ?”

ಗುಮಾಸ್ತ ರಿಜಿಸ್ಟರ್ ತಿರುವಿದ. “ನೂರ ನಲವತ್ತೊಂದು.”

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಪಟ್ಟಿಗೊಂದು ಪ್ರಶ್ನೆ, ಆಮೇಲೆ ತಲೆಗೊಂದು. ಎರಡು ದಿನದ್ದೂ ಒಂದೇ ಲೆಕ್ಕ. ಇದು ಬೆರಳಿನ ಕೆಲಸ ಅಲ್ಲವೇ ಅಲ್ಲ.

ಅವರು ನೆಲಮಾಳಿಗೆಗೆ ಹೋಗಿ ತಪ್ಪೊಪ್ಪಿಕೊಂಡರು. ಅಕ್ಕ ಕಡತದ ಧೂಳು ಒರೆಸುತ್ತಲೇ ಕೇಳಿಸಿಕೊಂಡರು.

“ನನ್ನ ಮಾನ ಹೋದದ್ದು ಎಲ್ಲರೆದುರು ಮೇಷ್ಟ್ರೇ. ನೀವು ಇಲ್ಲಿ ಬಂದು ಪಿಸುಗುಟ್ಟಿದ್ರೆ ಹೇಗೆ?”

ಆ ಮಾತು ನೆಟ್ಟಗೆ ನಾಟಿತು. ಮಧ್ಯಾಹ್ನ ಮೇಷ್ಟ್ರು ಸಿಬ್ಬಂದಿಯನ್ನೆಲ್ಲ, ಅಕ್ಕನನ್ನೂ ಕೌಂಟರಿನ ಹತ್ತಿರ ಸೇರಿಸಿದರು.

“ಪರದೆಯ ಪುಟಕ್ಕೆ ಪಟ್ಟಿ ಕೊಡೋಕೆ ಜಾವಾ ಭಾಷೆಯ ಪ್ರೋಗ್ರಾಮಿನಲ್ಲಿ ಗೆಟರ್ ಅಂತ ಒಂದು ತುಣುಕು ಇರುತ್ತೆ,” ಮೇಷ್ಟ್ರು ಶುರುಮಾಡಿದರು. “ಕೈಯಲ್ಲಿರೋದನ್ನ ಎತ್ತಿಕೊಡೋದಷ್ಟೇ ಅದರ ಕೆಲಸ. ನಮ್ಮದು, ಕೇಳಿದಾಗೆಲ್ಲ ಡೇಟಾಬೇಸಿಗೆ ಓಡ್ತಿತ್ತು. ಒಂದೊಂದು ಮೆಣಸಿನಕಾಯಿಗೂ ಅಂಗಡಿಗೆ ಹೋಗಿಬಂದ ಹಾಗೆ.”

“ಅಷ್ಟು ಸಲ ಕೇಳೋರು ಯಾರು?” ಸೂಪರಿಂಟೆಂಡೆಂಟ್ ನಡುವೆ ಬಾಯಿ ಹಾಕಿದರು.

“ಒಂದೊಂದು ಸಾಲೂ ಕೇಳುತ್ತೆ. ಪ್ರತಿ ಹೆಸರಿನ ಮುಂದೆ ‘ಒಟ್ಟು ಇಷ್ಟರಲ್ಲಿ ಇಷ್ಟನೆಯವರು’ ಅಂತಿದೆಯಲ್ಲ? ಆ ಒಟ್ಟು ಗೊತ್ತಾಗೋಕೆ ಪಟ್ಟಿ ಬೇಕು. ಕಾಯೋರಿಗೆ ಎಷ್ಟು ಹೊತ್ತು ಅಂತ ತಿಳೀಲಿ ಅಂತ ಹೋದ ತಿಂಗಳು ಹಾಕಿಸಿದ್ದು ಅಕ್ಕನೇ. ಕಾಟ ಶುರುವಾಗಿದ್ದೂ ಅವತ್ತಿಂದ್ಲೇ.”

“ಹಾಕೋ ಮೊದಲು ಪರೀಕ್ಷೆ ಮಾಡ್ಲಿಲ್ವಾ?”

“ಮಾಡಿದ್ವಿ. ನಮ್ಮ ಪರೀಕ್ಷೆ ಯಾವಾಗ್ಲೂ ಮೂರೇ ಮೂರು ಸುಳ್ಳು ರೋಗಿಗಳ ಮೇಲೆ. ನಾಲ್ಕು ಓಟ — ಯಾರಿಗೆ ಗೊತ್ತಾಗುತ್ತೆ? ಸುಳಿವು ವರದಿ ಬರೆದ ದಿನವೇ ಕಣ್ಣೆದುರಿಗಿತ್ತು. ಪ್ರಶ್ನೆಗಳನ್ನ ಎಣಿಸಿದೆ, ರೋಗಿಗಳನ್ನ ಎಣಿಸಲಿಲ್ಲ.”

“ಆ ಗೆಟರ್ ಬರೆದವರು?”

“ನಾನೇ. ಅಕ್ಕ ನಿಜಾನೇ ಹೇಳಿದ್ರು. ನಾನು ಕೇಳಿಸಿಕೊಳ್ಳಲಿಲ್ಲ.”

ಪುಟ ತೆರೆದಾಗ ಪಟ್ಟಿಯನ್ನು ಒಮ್ಮೆ ತಂದಿಟ್ಟುಕೊಂಡು, ಗೆಟರ್ ಅದನ್ನೇ ಕೊಡುವಂತೆ ಮೇಷ್ಟ್ರು ಆಗಲೇ ತಿದ್ದಿದ್ದರು. ಹತ್ತು ನಿಮಿಷದ ಕೆಲಸ ಅಷ್ಟೆ. ಅದಕ್ಕೆ ಅವರಿಗೆ ಇನ್ನಷ್ಟು ನಾಚಿಕೆಯಾಯಿತು.

ಗುಮಾಸ್ತ ಎದ್ದು ಕುರ್ಚಿ ಬಿಟ್ಟುಕೊಟ್ಟ. ಅಕ್ಕ ಕೂತು ಗುಂಡಿ ಒತ್ತಿದರು. ಪಟ್ಟಿ ಥಟ್ಟನೆ ಬಂತು.

ಮೇಷ್ಟ್ರಿಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಒಂದೇ ಸಲ ಒತ್ತಿದ ಕೈಯನ್ನು ಅಕ್ಕ ಕೂಡಲೇ ಹಿಂದಕ್ಕೆಳೆದು, ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ದೂರ ಇಟ್ಟುಕೊಂಡಿದ್ದರು.