ಹಳದಿ ಸ್ವೆಟರಿನ ಕಿಟಕಿ

ಕತ್ತರಿ ಎತ್ತಿ ತೋರಿಸಿದ್ದೇ ತಪ್ಪಾಯಿತು ಎಂದು ಅವಳು ಎಷ್ಟು ಸಲ ನಾಲಗೆ ಕಚ್ಚಿಕೊಂಡಿದ್ದಳೋ.

ಅವಳದು ನಗರದ ದೊಡ್ಡ ಬಟ್ಟೆ ಮಳಿಗೆಯಲ್ಲಿ ಆಲ್ಟರೇಷನ್ ಕೆಲಸ. ನಾಲ್ಕನೇ ಮಹಡಿಯ ಮೂಲೆಯಲ್ಲಿ, ಗೋದಾಮಿಗೆ ಅಂಟಿಕೊಂಡ ಪುಟ್ಟ ಕೋಣೆ. ಗಿರಾಕಿಗಳು ಕೊಂಡ ಪ್ಯಾಂಟಿನ ಉದ್ದ ಮಡಿಸುವುದು, ಕೋಟಿನ ಸೊಂಟ ಬಿಗಿ ಮಾಡುವುದು, ಗುಂಡಿ ಹಚ್ಚುವುದು. ಮಳಿಗೆಯವರಿಗೆಲ್ಲ ಅವಳು ಬರೀ ಟೈಲರಮ್ಮ. ಮಡಿಸಿದ ಬಟ್ಟೆ ಲಿಫ್ಟಿನಲ್ಲಿ ಕೆಳಗೆ ಹೋಗುತ್ತಿತ್ತು, ಮಡಿಸಬೇಕಾದದ್ದು ಮೇಲೆ ಬರುತ್ತಿತ್ತು. ಅವಳ ಮುಖ ನೋಡುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ರಸ್ತೆಯಾಚೆ, ಸರಿಯಾಗಿ ಅವಳ ಕಿಟಕಿಯ ಎದುರಿಗೆ, ಕನ್ನಡಕದ ಗಾಜು ಉಜ್ಜುವ ವರ್ಕ್‌ಶಾಪ್ ಇತ್ತು. ದಿನಾ ಸಂಜೆ ಟೀ ಹೊತ್ತಿಗೆ ಅಲ್ಲಿಂದ ಒಬ್ಬಾತ ಕಿಟಕಿಗೆ ಬರುತ್ತಿದ್ದ. ಎತ್ತರದ ಆಳು, ಕೆದರಿದ ಕೂದಲು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆಮೇಲೆ ಟೀ ಲೋಟವನ್ನು ಇವಳ ಕಡೆಗೆ ಒಂಚೂರು ಎತ್ತಿ, ನಂತರವೇ ಮೊದಲ ಗುಟುಕು.

ಮೊದಮೊದಲು ಅವಳು ಕಂಡೂ ಕಾಣದವಳಂತೆ ಹೊಲಿಗೆಗೆ ತಲೆ ತಗ್ಗಿಸಿದಳು. ಆದರೆ ಆ ಹೊತ್ತಿಗೆ ಸರಿಯಾಗಿ ಕೂದಲು ಒಪ್ಪಮಾಡಿಕೊಳ್ಳುವುದು ಮಾತ್ರ ಹೇಗೋ ರೂಢಿಯಾಯಿತು. ಒಂದು ಸಂಜೆ, ಅದೇನು ಹುಮ್ಮಸ್ಸು ಬಂತೋ, ಅವಳೂ ಎದ್ದು ನಿಂತು ಕೈ ಎತ್ತಿಬಿಟ್ಟಳು. ಕೈಯಲ್ಲಿ ಮೊಳಕೈಯುದ್ದದ ಕತ್ತರಿ ಇದೆಯೆಂಬುದು ಎತ್ತಿದ ಮೇಲೆ ತಿಳಿಯಿತು. ದೀಪದ ಬೆಳಕಿಗೆ ಅದು ಫಳ್ಳನೆ ಹೊಳೆದದ್ದೇ, ಎದುರಿನಾತ ಬೆಚ್ಚಿ ಟೀ ಚೆಲ್ಲಿಕೊಂಡ. ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಕಿಟಕಿಯಿಂದ ಬಾಗಿದವಳಿಗೆ ಕೆಳಗಿನ ಮಹಡಿ ಕಂಡಿತು. ಅಲ್ಲಿ ಸೆಂಟು ಮಾರುವ ಹುಡುಗಿ ಅರ್ಧ ಮೈ ಹೊರಗೆ ಚಾಚಿ, ಎರಡೂ ಕೈಯಲ್ಲಿ ಆತನಿಗೆ ಟಾಟಾ ಮಾಡುತ್ತಿದ್ದಳು.

ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ಆ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಕೈ ಬೀಸಿದರೆ ಬೀದಿಗೆ ಬೀದಿಯೇ ತಿರುಗಿ ನೋಡಬೇಕು. ಇವಳಿಗೆ ನಲವತ್ತು ಬಾಗಿಲಲ್ಲೇ ನಿಂತಿತ್ತು, ಕಿವಿಯ ಮೇಲೆ ನರೆ ಇಣುಕಿತ್ತು. ಲೋಟ ಯಾರ ಕಡೆಗೆ ಏಳುತ್ತಿತ್ತೆಂದು ಬಿಡಿಸಿ ಹೇಳಬೇಕೇ?

ಮರುದಿನವೇ ಅವಳು ಹೊಲಿಗೆ ಯಂತ್ರವನ್ನು ಒಳಗಿನ ಗೋಡೆಗೆ ಎಳೆದುಕೊಂಡಳು. ಗೋದಾಮಿನಲ್ಲಿ ಒಂದು ಹಳೆಯ ಗೊಂಬೆ ಬಿದ್ದಿತ್ತು. ಒಂದು ಕಾಲದಲ್ಲಿ ಮುಂಬಾಗಿಲ ಗಾಜಿನ ಹಿಂದೆ ಹೊಸ ಬಟ್ಟೆ ತೊಟ್ಟು ಮೆರೆದದ್ದು, ಈಗ ಒಂದು ಕೈಯಿಲ್ಲ. ಮಳಿಗೆಯಲ್ಲಿ ಎಲ್ಲರಿಗಿಂತ ಹಿರಿಯಳೆಂದು ಅದನ್ನು ಅಕ್ಕ ಎಂದು ಕರೆಯುತ್ತಿದ್ದರು. ಅಕ್ಕನನ್ನು ಎತ್ತಿ ತಂದು ಕಿಟಕಿಗೆ ಮರೆಯಾಗಿ ನಿಲ್ಲಿಸಿದಳು. ಮುರಿದ ಕೈ ಕಾಣದಂತೆ, ದಿನಾ ಕೆಲಸಕ್ಕೆ ತಾನು ತೊಡುತ್ತಿದ್ದ ಹಳದಿ ಸ್ವೆಟರ್ ಹೊದಿಸಿದಳು. ಅತ್ತಿಗೆಗೆ ಒಪ್ಪಲಿಲ್ಲವೆಂದು ಇವಳ ಪಾಲಿಗೆ ಬಂದಿದ್ದ, ಕಣ್ಣಿಗೆ ಹೊಡೆಯುವಂಥ ಹಳದಿ ಅದು.

"ನೀನೇ ನೋಡ್ಕೋ ಅಕ್ಕಾ ಅವನನ್ನ. ನನಗೆ ಕೆಲಸ ಇದೆ."

ಅಲ್ಲಿಂದ ಆಚೆ ಟೀ ಹೊತ್ತಿಗೆ ಯಂತ್ರ ಜೋರಾಗಿ ಓಡುತ್ತಿತ್ತು. ಅವಳು ಕಿಟಕಿಯ ಕಡೆ ಕತ್ತು ಹೊರಳಿಸಲಿಲ್ಲ. ಕತ್ತಿಗೆ ಅದು ಕಷ್ಟವಾಯಿತು ಅನ್ನುವುದು ಬೇರೆ ಮಾತು.

ಕೆಲಸ ಮುಗಿದರೆ ನಡಿಗೆ. ಆರೋಗ್ಯಕ್ಕಾಗಿ ನಡೆಯುತ್ತಾಳೆಂದು ಜನ ತಿಳಿದಿದ್ದರು. ನಿಜ ಹೇಳಬೇಕೆಂದರೆ ಅಣ್ಣನ ಮನೆಯಲ್ಲಿ ಅವಳು ಮಲಗುವ ಸೋಫಾದ ಮೇಲೆಯೇ ಮನೆಮಂದಿ ಕೂತು ಟೀವಿ ನೋಡುತ್ತಿದ್ದರು. ಅವರು ಏಳುವವರೆಗೆ ಅವಳಿಗೆ ಅಲ್ಲಿ ಜಾಗವಿಲ್ಲ. ಯಾರೂ ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಒಳಗೆ ಬಂದರೆ ಬಂದೆಯಾ ಅನ್ನುತ್ತಿರಲಿಲ್ಲ, ಹೊರಗೆ ಹೋದರೆ ಎಲ್ಲಿಗೆ ಅನ್ನುತ್ತಿರಲಿಲ್ಲ. ಹಾಗಾಗಿ ಅವಳು ಬೀದಿ ಸುತ್ತುತ್ತಿದ್ದಳು. ಬೇರೆಯವರ ಮನೆಗಳ ದೀಪ ಹೊತ್ತುವುದನ್ನು ನೋಡುತ್ತಾ, ತಾನೊಬ್ಬಳು ಇಲ್ಲವಾದರೆ ಯಾರಿಗೆ, ಎಂದಿಗೆ ಗೊತ್ತಾದೀತು ಎಂದು ಯೋಚಿಸುತ್ತಾ ನಡೆಯುತ್ತಿದ್ದಳು.

ಅಂದು ಮಳಿಗೆಗೆ ಅರ್ಧ ದಿನ ರಜೆ. ಮಧ್ಯಾಹ್ನದಿಂದ ಅಲೆದು ಕಾಲು ಸೋತಿದ್ದವು. ಹೊತ್ತು ಮುಳುಗುವಾಗ ಸೇತುವೆಯ ಮೇಲೆ ನಿಂತವಳಿಗೆ ಕಟ್ಟಡಗಳ ತಲೆಯ ಮೇಲೆ ಕಪ್ಪು ಹೊಗೆ ಕಂಡಿತು. ಗಂಟೆ ಬಾರಿಸುತ್ತಾ ಅಗ್ನಿಶಾಮಕದ ಗಾಡಿಗಳು ಪಕ್ಕದಲ್ಲೇ ಹಾದುಹೋದವು. ಜನ ಅತ್ತಲೇ ಓಡುತ್ತಿದ್ದರು. ಅವಳೂ ಹೆಜ್ಜೆ ಹಾಕಿದಳು. ಒಂದೊಂದು ತಿರುವು ಕಳೆದಂತೆಲ್ಲ ಇದು ತಾನು ದಿನಾ ಕೆಲಸಕ್ಕೆ ಬರುವ ದಾರಿಯೇ ಅಲ್ಲವೇ ಅನ್ನಿಸಿ ಓಡತೊಡಗಿದಳು.

ಉರಿಯುತ್ತಿದ್ದುದು ಅವಳ ಮಳಿಗೆ.

ಎರಡನೇ ಮಹಡಿಯಿಂದ ಮೇಲಕ್ಕೆ ಕಿಟಕಿಗಳೆಲ್ಲ ಕೆಂಪಾಗಿದ್ದವು. ಬಟ್ಟೆ ಸುಡುವ ಕಮಟು ವಾಸನೆ ಬೀದಿಯೆಲ್ಲ ತುಂಬಿತ್ತು. ಜನ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ನಾಲ್ಕನೇ ಮಹಡಿಯ ಕೊನೆಯ ಕಿಟಕಿಯಲ್ಲಿ, ಹೊಗೆಯ ನಡುವೆ, ಹಿಂದಿನ ಬೆಂಕಿಯ ಬೆಳಕಿನಲ್ಲಿ ಹಳದಿ ಸ್ವೆಟರ್ ತೊಟ್ಟ ಹೆಂಗಸೊಬ್ಬಳು ಅಲುಗದೆ ನಿಂತಿದ್ದಳು.

ಅಕ್ಕ!

ಕಟ್ಟಿದ ಹಗ್ಗದಾಚೆ ಒಬ್ಬಾತ ದಳದ ಮುಖ್ಯಸ್ಥನ ತೋಳು ಹಿಡಿದು ಜಗ್ಗುತ್ತಿದ್ದ. ಎತ್ತರದ ಆಳು, ಕೆದರಿದ ಕೂದಲು. ಕಣ್ಣಿಗೆ ಕನ್ನಡಕವಿಲ್ಲ.

"ಮೇಲೆ ಒಬ್ಬರಿದ್ದಾರೆ ಸರ್! ಕೊನೇ ಕಿಟಕಿ, ಹಳದಿ ಸ್ವೆಟರ್!"

ಮಳಿಗೆಯ ಮ್ಯಾನೇಜರ್ ನಡುವೆ ಬಾಯಿ ಹಾಕಿದ. "ನಮ್ಮ ಸ್ಟಾಫೆಲ್ಲ ಮಧ್ಯಾಹ್ನಾನೇ ಹೋಗಿದ್ದಾರೆ. ಎಲ್ಲರಿಗೂ ಫೋನ್ ಮಾಡಿ ಕೇಳಿದ್ದೀನಿ."

"ಬಟ್ಟೆ ಹೊಲಿಯೋರಿಗೂ ಮಾಡಿದ್ರಾ?"

ಮ್ಯಾನೇಜರ್ ತಡವರಿಸಿದ. "ಟೈಲರಮ್ಮನಿಗಾ? ಅವಳ ನಂಬರು... ಅವಳೂ ಹೋಗಿರ್ತಾಳೆ ಬಿಡಿ."

ಅವಳ ಬ್ಯಾಗಿನಲ್ಲಿ ಫೋನು ತೆಪ್ಪಗೆ ಬಿದ್ದಿತ್ತು.

"ಹೋಗಿರ್ತಾಳೆ ಅಂದ್ರೆ? ಹೋಗಿದ್ದು ನೀವು ನೋಡಿದ್ರಾ?" ಆತನ ದನಿ ಒಡೆಯಿತು. "ಅವರು ಮೊದಲು ಹೀಗಿರಲಿಲ್ಲ ಸರ್. ಕೂತು ಹೊಲೀತಿದ್ರು. ಬೆನ್ನು ನೋವಾದ್ರೆ ಎದ್ದು ಸೊಂಟಕ್ಕೆ ಕೈ ಕೊಟ್ಟು ನಿಲ್ತಿದ್ರು. ಊಟ ಆದ್ಮೇಲೆ ಡಬ್ಬಿ ಕೊಡವಿ ಪಾರಿವಾಳಕ್ಕೆ ಹಾಕ್ತಿದ್ರು. ಈಗ ಕೆಲವು ವಾರದಿಂದ ಸುಮ್ನೆ ಅಲ್ಲಿ ನಿಂತೇ ಇರ್ತಾರೆ. ಅಂಗಡಿ ಮುಚ್ಚಿದ್ರೂ ಮನೆಗೆ ಹೋಗಲ್ಲ. ಅದೇನೋ ದುಃಖ ಅವರಿಗೆ. ಯಾರಾದ್ರೂ ಹೋಗಿ ಕರೀದೆ ಇದ್ರೆ ಅವರಾಗಿ ಇಳಿದು ಬರಲ್ಲ ಸರ್!"

ಅವಳು ಹಗ್ಗ ಹಿಡಿದು ನಿಂತುಬಿಟ್ಟಳು. ತನ್ನ ಬೆನ್ನು ನೋಯುತ್ತದೆಂದು ಈ ಊರಿನಲ್ಲಿ ಇನ್ನೊಬ್ಬರಿಗೆ ಗೊತ್ತಿತ್ತು. ಪಾರಿವಾಳದ ವಿಷಯ ಗೊತ್ತಿತ್ತು. ಆತ ಅಂಗಲಾಚುತ್ತಿದ್ದುದು ತನಗಾಗಿ. ಕಣ್ಣೀರು ಉಕ್ಕಿ ಬಂತು. ಪಾಪವೆಂದು ಗೊತ್ತಿದ್ದೂ, ಆತ ಇನ್ನೊಂದು ಮಾತು ಹೇಳಲಿ, ಇನ್ನೊಂದೇ ಒಂದು ಮಾತು ಕೇಳಿಬಿಡೋಣ ಎಂದು ಒಂದು ಗಳಿಗೆ ಸುಮ್ಮನೆ ನಿಂತಳು.

ಅಷ್ಟರಲ್ಲಿ ಮುಖ್ಯಸ್ಥ ಸನ್ನೆ ಮಾಡಿದ. ಗಾಡಿಯ ಏಣಿ ಮೇಲೆ ಚಾಚಿಕೊಂಡಿತು. ಹೆಲ್ಮೆಟ್ ತೊಟ್ಟ ಒಬ್ಬ ಅದನ್ನು ಹತ್ತತೊಡಗಿದ.

ಅವಳ ಜೀವ ಬಾಯಿಗೆ ಬಂತು. ಒಂದು ಗೊಂಬೆಗೋಸ್ಕರ, ತನ್ನ ಹುಚ್ಚು ನಾಚಿಕೆಗೋಸ್ಕರ, ಯಾರದೋ ಮನೆಯ ಮಗ ಬೆಂಕಿಗೆ ಬೀಳಬೇಕೇ? "ಅದು ಗೊಂಬೆ!" ಎಂದು ಕೂಗಿದಳು. ಜೋರಾಗಿ ಮಾತಾಡಿ ಅಭ್ಯಾಸವಿಲ್ಲದ ಗಂಟಲು. ನೀರಿನ ಪಂಪುಗಳ ಗದ್ದಲದಲ್ಲಿ ಪಕ್ಕದವರಿಗೂ ಕೇಳಿಸಲಿಲ್ಲ. ಹಗ್ಗದಡಿ ನುಸುಳಿ ಓಡಿ ಆತನ ಮೊಳಕೈ ಹಿಡಿದಳು.

"ರೀ, ಅದು ನಾನಲ್ಲ!"

ಆತ ಕಿಟಕಿಯಿಂದ ಕಣ್ಣು ಕೀಳದೆ ಕೊಸರಿಕೊಂಡ. "ಸ್ವಲ್ಪ ಆ ಕಡೆ ನಿಲ್ಲಿ ತಾಯಿ. ಇಲ್ಲೊಂದು ಜೀವ ಹೋಗ್ತಾ ಇದೆ."

"ಆ ಜೀವ ನಾನೇ ರೀ!"

ಆತ ತಿರುಗಿದ. ಕಣ್ಣು ಕಿರಿದು ಮಾಡಿ, ಮಂಜಿನೊಳಗೆ ಹುಡುಕುವವನ ಹಾಗೆ ನೋಡಿದ.

"ನೀವು... ಯಾರು?"

"ನಿಮಗೆ ಒಂದಿನ ಕತ್ತರಿ ತೋರಿಸಿದೋಳು. ಟೀ ಚೆಲ್ಲಿಕೊಂಡ್ರಲ್ಲ, ಆವತ್ತು. ಮೇಲಿರೋದು ಗೊಂಬೆ. ಸ್ವೆಟರ್ ಮಾತ್ರ ನಂದು. ಏಣಿ ಇಳಿಸೋಕೆ ಹೇಳಿ, ದಮ್ಮಯ್ಯ!"

ಕತ್ತರಿಯ ಮಾತು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿದ್ದದ್ದು. ಆತ ಮುಖ್ಯಸ್ಥನ ಕಡೆ ಹಾರಿ, "ಇಲ್ಲಿದ್ದಾರೆ! ಇಲ್ಲೇ ಇದ್ದಾರೆ ಸರ್, ಇಳಿಸಿ!" ಎಂದು ಬೀದಿ ಮೊಳಗುವಂತೆ ಅರಚಿದ. ಅದೇನು ಸಂತೋಷವಿತ್ತೋ ಆ ದನಿಯಲ್ಲಿ! ಬೆಂಕಿ ಬಿದ್ದ ಕಡೆ ಅಂಥ ದನಿ ಕೇಳಿದವರು ಕಡಿಮೆ.

ಏಣಿ ಹಿಂದಕ್ಕೆ ಸರಿಯಿತು. ಸರಿದ ಸ್ವಲ್ಪ ಹೊತ್ತಿಗೇ ಆ ಕಿಟಕಿಯ ಗಾಜು ಸಿಡಿದು ಬೆಂಕಿ ಹೊರಗೆ ನಾಲಗೆ ಚಾಚಿತು. ಹಳದಿ ಸ್ವೆಟರ್ ಭಗ್ಗನೆ ಹೊತ್ತಿಕೊಂಡಿತು. ಗುಂಪಿನಲ್ಲಿ ಯಾರೋ ಹೆಂಗಸು, "ಅಯ್ಯೋ, ಯಾರು ಹೆತ್ತ ಮಗಳೋ!" ಎಂದು ಅತ್ತಳು. ತನ್ನ ಸಾವಿಗೆ ಅಳುವವರನ್ನು ನಿಂತು ನೋಡುವುದು ವಿಚಿತ್ರವಾಗಿತ್ತು. ಆತ ಯಾವಾಗಲೋ ಅವಳ ಮಣಿಕಟ್ಟು ಹಿಡಿದಿದ್ದ. ನೋಯುವಷ್ಟು ಬಿಗಿಯಾಗಿತ್ತು. ಬಿಡಿ ಎಂದು ಅವಳು ಹೇಳಲಿಲ್ಲ.

ಬೆಂಕಿ ಹತೋಟಿಗೆ ಬರುವಷ್ಟರಲ್ಲಿ ಮೂಲೆಯ ಅಂಗಡಿಯಾಕೆ ಎಲ್ಲರಿಗೂ ಟೀ ಹಂಚಿದಳು. ಇಬ್ಬರೂ ಫುಟ್‌ಪಾತಿನ ಮೆಟ್ಟಿಲ ಮೇಲೆ ಕೂತರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು. ಆತ ಅಭ್ಯಾಸಬಲದಿಂದ ಕನ್ನಡಕ ತೆಗೆಯಲು ಮೂಗಿಗೆ ಕೈ ಹಾಕಿದ. ಅಲ್ಲಿ ಏನೂ ಇರಲಿಲ್ಲ.

"ಮೇಜಿನ ಮೇಲೇ ಬಿಟ್ಟು ಓಡಿಬಂದೆ. ಟೀ ಹಬೆಗೆ ಗಾಜು ಮಂಜಾಗುತ್ತೆ ನೋಡಿ, ಆ ಹೊತ್ತಿಗೆ ತೆಗೆದಿಡ್ತೀನಿ." ಆಮೇಲೆ ತಡೆದು ಕೇಳಿದ. "ಅಂದ್ರೆ ಇಷ್ಟು ದಿನ ನಾನು ಲೋಟ ಎತ್ತಿದ್ದು ಗೊಂಬೆಗಾ?"

"ಪಾಪ, ಅಕ್ಕನಿಗೆ ಖುಷಿಯಾಗಿರಬೇಕು."

"ಒಂದಿನಾನೂ ಉತ್ತರ ಕೊಡಲಿಲ್ಲ ನಿಮ್ಮಕ್ಕ."

"ಗಂಭೀರ ಸ್ವಭಾವ." ತುಟಿಯಂಚಿನ ನಗುವನ್ನು ಅವಳು ಲೋಟದ ಹಿಂದೆ ಬಚ್ಚಿಟ್ಟಳು. "ಕನ್ನಡಕ ಮಾಡೋರು ನೀವು. ಒಂದ್ಸಲ ಹಾಕ್ಕೊಂಡು ನೋಡಬಾರದಿತ್ತಾ?"

ಆತ ಲೋಟವನ್ನು ಅಂಗೈಗಳ ನಡುವೆ ತಿರುಗಿಸಿದ. "ಕನ್ನಡಕ ಹಾಕಿ ನೋಡಿದ್ರೆ ಅದು ಇನ್ನೊಬ್ಬರ ಕೋಣೆಯೊಳಗೆ ಇಣುಕಿದ ಹಾಗೆ. ತೆಗೆದ್ರೆ ಬರೀ ಒಂದು ದೀಪ, ಒಂದು ಹಳದಿ ಬಣ್ಣ. ಅದು ಕೂತದ್ದು, ಎದ್ದದ್ದು, ಸುತ್ತ ಪಾರಿವಾಳ ಹಾರಿದ್ದು ಮಾತ್ರ ಗೊತ್ತಾಗುತ್ತೆ, ಮುಖ ಕಾಣಲ್ಲ. ಅಷ್ಟು ನೋಡೋದರಲ್ಲಿ ತಪ್ಪಿಲ್ಲ ಅಂದ್ಕೊಂಡಿದ್ದೆ."

ಅವಳಿಗೆ ಎದೆಯೊಳಗೆ ಏನೋ ಸಡಿಲವಾಯಿತು. ಆದರೂ ಮುಳ್ಳು ಕೀಳದೆ ಬಿಡುವಂತಿರಲಿಲ್ಲ.

"ನಾನು ಅಂದ್ಕೊಂಡೆ, ನೀವು ಕೆಳಗಿನ ಮಹಡಿ ಹುಡುಗಿಗೆ..."

"ಯಾವ ಹುಡುಗಿ?"

"ಸೆಂಟು ಮಾರೋಳು. ಎರಡೂ ಕೈ ಬೀಸ್ತಿದ್ಲಲ್ಲ!"

ಆತ ನಿಜಕ್ಕೂ ತಲೆ ಕೆರೆದುಕೊಂಡ. "ನನಗೆ ಕಾಣೋದು ದೀಪ ಇರೋ ಕಿಟಕಿ ಒಂದೇ ರೀ. ಕೆಳಗೆ ಆನೆ ನಿಂತು ಕೈ ಬೀಸಿದ್ರೂ ಗೊತ್ತಾಗ್ತಿರಲಿಲ್ಲ. ನೀವು ಕತ್ತರಿ ತೋರಿಸಿದ್ರಿ, ಮಾರನೇ ದಿನದಿಂದ ಕೂರೋದೇ ಬಿಟ್ರಿ. ನನ್ನಿಂದಲೇ ಏನೋ ನೋವಾಗಿದೆ ಅಂತ ಕ್ಷಮೆ ಕೇಳೋಕೆ ಬರಬೇಕು ಅಂದ್ಕೊಂಡೆ, ಧೈರ್ಯ ಬರಲಿಲ್ಲ. ಇವತ್ತು ಆ ಬೆಂಕಿ ನೋಡಿ... ಬರದೇ ಇದ್ದದ್ದಕ್ಕೆ ಜೀವಮಾನ ಪೂರ್ತಿ ಕೊರಗಬೇಕಾಗುತ್ತೆ ಅನ್ನಿಸ್ತು."

ಬ್ಯಾಗಿನಲ್ಲಿ ಫೋನು ಗುರ್ರೆಂದಿತು. ಕೊನೆಗೂ ಅಣ್ಣ! ಮಳಿಗೆಯ ಬೆಂಕಿ ಆಗಲೇ ಎಲ್ಲ ಟೀವಿಗಳಲ್ಲೂ ಬಂದಿರಬೇಕು. ಅವಳು ಆತುರದಿಂದ ತೆಗೆದು ನೋಡಿದಳು. ಬರುವಾಗ ಹಾಲು ತಗೊಂಡು ಬಾ ಎಂದು ಮೆಸೇಜಿತ್ತು, ಅಷ್ಟೇ. ಅವಳು ಕೆಲಸ ಮಾಡುವುದು ಯಾವ ಮಳಿಗೆಯಲ್ಲೆಂದು ಅಲ್ಲಿ ಯಾರಿಗೂ ನೆನಪಿಗೆ ಬಂದಿರಲಿಲ್ಲ.

ಅವಳ ಮುಖ ಬಾಡಿದ್ದು ಆತನಿಗೆ ಕಾಣುವಂತಿರಲಿಲ್ಲ. ಮೌನ ಮಾತ್ರ ಕೇಳಿಸಿರಬೇಕು.

"ಏನಾಯ್ತು?"

"ಏನಿಲ್ಲ. ನಾಳೆಯಿಂದ ಕೆಲಸ ಇಲ್ಲ, ಕಿಟಕಿ ಇಲ್ಲ, ಸ್ವೆಟರೂ ಇಲ್ಲ." ನಗಲು ನೋಡಿದಳು. ಆಗಲಿಲ್ಲ. "ನೀವು ಹೋಗಿ ಕನ್ನಡಕ ತಗೊಳ್ಳಿ. ಹಾಕ್ಕೊಂಡು ಒಮ್ಮೆ ಸರಿಯಾಗಿ ನೋಡಿ. ನಾನು ಹುಡುಗಿಯೇನಲ್ಲ. ಕೂದಲು ಬೆಳ್ಳಗಾಗಿದೆ. ನಿಮ್ಮ ಹಳದಿ ಬಣ್ಣದವಳು ಬೇರೆ, ನಾನು ಬೇರೆ."

ಆತ ಏಳಲಿಲ್ಲ. ಖಾಲಿ ಲೋಟವನ್ನು ಪಕ್ಕಕ್ಕಿಟ್ಟು ನಿಧಾನವಾಗಿ ಹೇಳಿದ. "ನನಗೆ ದೂರದ್ದು ಮಾತ್ರ ಕಾಣಲ್ಲ. ಹತ್ತಿರದ್ದಕ್ಕೆ ಕನ್ನಡಕ ಬೇಡ. ಸ್ವಲ್ಪ ಈ ಕಡೆ ಬನ್ನಿ."

ಅವಳು ಕದಲಲಿಲ್ಲ. ಎದುರಿಗೆ ಅವಳ ಕಿಟಕಿಯಿದ್ದ ಜಾಗದಲ್ಲಿ ಕಪ್ಪು ತೂತೊಂದು ಹೊಗೆಯಾಡುತ್ತಿತ್ತು. ಅಡಗಿ ಕೂರಲು ಅಲ್ಲಿ ಇನ್ನು ಏನೂ ಉಳಿದಿರಲಿಲ್ಲ. ಅವಳು ಫೋನನ್ನು ಬ್ಯಾಗಿಗೆ ಹಾಕಿ, ನಡುವಿನ ಜಾಗ ಮುಗಿಯುವವರೆಗೆ ಸರಿದು ಕೂತಳು.

ಆತ ನೋಡಿದ. ನರೆಯನ್ನು ನೋಡಿದ, ಅತ್ತು ಕೆಂಪಾದ ಕಣ್ಣು ನೋಡಿದ. ತನ್ನನ್ನು ಇಷ್ಟು ಹೊತ್ತು ಯಾರೂ ಮುಖಕ್ಕೆ ಮುಖ ಕೊಟ್ಟು ನೋಡಿದ್ದೇ ಇಲ್ಲವೆಂದು ಅವಳಿಗೆ ಅನ್ನಿಸಿತು. ಅವಳು ಕಣ್ಣು ತಗ್ಗಿಸಲಿಲ್ಲ.

"ಮೂಗಿನ ಮೇಲೆ ಮಸಿ ಇದೆ," ಅಂದ.

"ಅಷ್ಟೇನಾ ಕಂಡಿದ್ದು?"

"ಇಲ್ಲ. ಮಿಕ್ಕಿದ್ದನ್ನ ದಿನಾ ಸಂಜೆ ಒಂದೊಂದೇ ಹೇಳ್ತೀನಿ. ಟೀ ಕುಡಿಯೋವಾಗ."

ಅವಳು ಮೂಗು ಒರೆಸಿಕೊಂಡು, ತಳದಲ್ಲಿ ಒಂದೇ ಗುಟುಕು ಉಳಿದಿದ್ದ ತನ್ನ ಲೋಟವನ್ನು ಆತನ ಕಡೆಗೆ ಒಂಚೂರು ಎತ್ತಿ, ಆಮೇಲೆ ಕುಡಿದಳು. ಬ್ಯಾಗಿನಲ್ಲಿ ಫೋನು ಮತ್ತೆ ಗುರ್ರೆಂದಿತು. ಹಾಲು ಇವತ್ತು ಅವರೇ ತಂದುಕೊಳ್ಳಲಿ ಎಂದು ಅವಳು ತೆಗೆಯಲಿಲ್ಲ.